ಚಾಕಿ ಮನೆಯಲ್ಲಿ ಸದ್ದು ಮಾಡಬಾರದು

ನಾನು ತಾಳವಾಡಿಗೆ ಎರಡನೇ ಸಲ ಹೋದಾಗ ನನ್ನ ಯಂತ್ರದ ಬಾಯಿಗೆ ಯಾರೋ ಬಟ್ಟೆ ತುರುಕಿದ್ದರು. ಹೇಗೆಂದರೆ ಹಾಗೆ ತುರುಕಿದ್ದಲ್ಲ. ಹಳೇ ಸೀರೆಯ ಅಂಚು ಹರಿದು, ಉಂಡೆ ಮಾಡಿ, ಬಜರ್ ಕೂಗುವ ತೂತಿನೊಳಗೆ ಒತ್ತಿ, ಮೇಲೆ ಮೈದಾ ಅಂಟು ಮೆತ್ತಿದ್ದರು. ಸಿಟ್ಟು ನೆತ್ತಿಗೇರಿದರೂ, ಇಷ್ಟು ಅಚ್ಚುಕಟ್ಟಾಗಿ ನಮ್ಮ ವರ್ಕ್‌ಶಾಪಿನವರೂ ಕೆಲಸ ಮಾಡುವುದಿಲ್ಲವಲ್ಲ ಅನ್ನಿಸಿತು.

ಎಂಬತ್ತರ ದಶಕದ ನಡುವಿನ ಮಾತು ಇದು. ಕೊಯಮತ್ತೂರಿನ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ನಾನು ಪ್ರೋಗ್ರಾಂ ಬರೆಯುತ್ತಿದ್ದೆ. ಊರು ಮೈಸೂರು. ಕನ್ನಡ ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ನನ್ನನ್ನು ಸತ್ಯಮಂಗಲದ ಘಾಟಿ ಹತ್ತಿಸಿ ತಾಳವಾಡಿಯ ಚಾಕಿ ಮನೆಗೆ ಕಳಿಸಿದ್ದರು. ಚಾಕಿ ಮನೆ ಅಂದರೆ ರೇಷ್ಮೆ ಹುಳುಗಳ ಬಾಲವಾಡಿ. ಮೊಟ್ಟೆಯೊಡೆದು ಬಂದ ಹುಳು ಎರಡು ಸಲ ಪೊರೆ ಬಿಡುವ ತನಕ ಅಲ್ಲಿ ಬೆಳೆಯುತ್ತದೆ. ಆಮೇಲೆ ದೊಡ್ಡಗಾಜನೂರು, ಜೀರಹಳ್ಳಿ ಕಡೆಯ ರೈತರು ಬಂದು ತಟ್ಟೆಗಳಲ್ಲಿ ಮನೆಗೆ ಒಯ್ಯುತ್ತಾರೆ. ಎಳೆಯ ಹುಳುವಿಗೆ ಕೋಣೆ ಬೆಚ್ಚಗಿರಬೇಕು, ಗಾಳಿಯಲ್ಲಿ ತೇವ ಇರಬೇಕು. ಬೆಚ್ಚಗಿಡುವುದಕ್ಕೆ ಇದ್ದಿಲ ಒಲೆ, ತೇವಕ್ಕೆ ಬಾಗಿಲು ಕಿಟಕಿಗಳಲ್ಲಿ ನೆನೆಸಿದ ಗೋಣಿ. ಒಲೆ ಆರಿತು, ಗೋಣಿ ಒಣಗಿತು ಎಂದು ಕೂಗಿ ಹೇಳುವುದು ನನ್ನ ಯಂತ್ರದ ಕೆಲಸ. ಕರೆಂಟನ್ನು ನಂಬುವ ಹಾಗಿರಲಿಲ್ಲವಾದ್ದರಿಂದ ಅದು ಲಾರಿಯ ಬ್ಯಾಟರಿಯ ಮೇಲೆ ಓಡುತ್ತಿತ್ತು.

ಈ ಪ್ರೋಗ್ರಾಮನ್ನು ನಾನು ಬರೆದದ್ದು ಆಫೀಸಿನಲ್ಲಿ ಕೂತು, ಕೈಗೆ ಕೊಟ್ಟ ನಾಲ್ಕಾರು ಹಾಳೆ ನೋಡಿಕೊಂಡು. ಆ ಹಾಳೆಗಳಲ್ಲಿ ‘ಆಪರೇಟರ್’ ಅನ್ನುವ ಒಬ್ಬ ಮನುಷ್ಯ ಇದ್ದ. ಅವನಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ, ಕಿವಿ ಚೆನ್ನಾಗಿ ಕೇಳುತ್ತದೆ, ಅಂಕಿ ಓದಲು ಬರುತ್ತದೆ, ಕೈ ಯಾವಾಗಲೂ ಒಣಗಿರುತ್ತದೆ, ತೂಕಡಿಕೆ ಅನ್ನುವುದೇ ಇಲ್ಲ. ತಾಳವಾಡಿಯಲ್ಲಿ ನಾನು ಅವನನ್ನು ಹುಡುಕಿದೆ. ಸಿಗಲಿಲ್ಲ.

ಸಿಕ್ಕವರು ಮೂವರು. ಒಬ್ಬರು ಮೇಲ್ವಿಚಾರಕರು, ಅಲ್ಲೇ ಹತ್ತಿರದ ಊರಿನ ಬೇಸಾಯದ ಮನೆಯವರು, ಹಣೆಗೆ ವಿಭೂತಿ ಇಲ್ಲದೆ ಆಚೆ ಬರುವವರಲ್ಲ. ಇಬ್ಬರು ಹುಳು ಸಾಕುವ ಹೆಂಗಸರು. ಹಿರಿಯಾಕೆಗೆ ಕಣ್ಣಲ್ಲಿ ಪೊರೆ ಬೆಳೆದು, ಎದುರಿನ ಮುಖವೂ ಮಬ್ಬು ಮಬ್ಬು. ಕಿರಿಯಾಕೆಗೆ ಹುಟ್ಟಿನಿಂದಲೇ ಕಿವಿ ಕೇಳದು, ಮಾತೂ ಬಾರದು. ಇಬ್ಬರಿಗೂ ಓದು ಬರಹ ಇಲ್ಲ. ಬೆಳಗಿನ ಪಾಳಿಯನ್ನು ಸರದಿಯ ಮೇಲೆ ಮಾಡುತ್ತಿದ್ದರು, ಮಿಕ್ಕ ಹೊತ್ತೆಲ್ಲ ಜೊತೆಯಲ್ಲೇ ಇರುತ್ತಿದ್ದರು.

“ಯಾರಮ್ಮ ಇದಕ್ಕೆ ಬಟ್ಟೆ ತುರುಕಿದ್ದು?” ಎಂದು ಕೇಳಿದೆ.

“ನಾನೇ ಕಣವ್ವ,” ಅಂದಳು ಹಿರಿಯಾಕೆ, ಏನೂ ಆಗಿಲ್ಲವೆಂಬಂತೆ ಸೊಪ್ಪು ಹೆಚ್ಚುತ್ತ. “ಉಳ ಜರಕ್ಕ ಕುಂತಿದ್ವು. ನಿನ್ ಡಬ್ಬ ನೋಡುದ್ರ ಕುಯ್ಯೋ ಅಂತ ಬಡ್ಕತದ. ಮಕ್ಳು ಮನಗಿರುವಾಗ ಯಾರಾರ ಅಂಗ ಬಡ್ಕತಾರ?”

ಹುಳು ಪೊರೆ ಬಿಡುವ ಮುಂಚೆ ಮೇಯುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲುಗದೆ ಕೂತುಬಿಡುತ್ತದೆ. ಅದನ್ನು ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆಗ ಸೊಪ್ಪು ಹಾಕುವುದಿಲ್ಲ. ಒದ್ದೆ ಗೋಣಿ ತೆಗೆದು, ಗಾಳಿಯಾಡಲು ಬಿಟ್ಟು, ಹಾಸಿನ ಮೇಲೆ ಸುಣ್ಣದ ಪುಡಿ ಉದುರಿಸಿ ಕೋಣೆಯನ್ನು ಬೇಕೆಂದೇ ಒಣಗಿಸುತ್ತಾರೆ. ಬೆಚ್ಚಗೆ ಮಾತ್ರ ಇರಲೇಬೇಕು. ಮನೆಯಲ್ಲಿ ಗಟ್ಟಿ ಮಾತಿಲ್ಲ, ಪಕ್ಕದಲ್ಲಿ ಒಗ್ಗರಣೆ ಇಲ್ಲ, ಬೀಡಿಯಂತೂ ಇಲ್ಲವೇ ಇಲ್ಲ. ಹೊರಗಿನವರು ಬರಬಾರದು ಎಂದು ತಿಳಿಸಲು ಬಾಗಿಲಿಗೆ ಬೇವಿನ ಕೊಂಬೆ ಸಿಕ್ಕಿಸುತ್ತಾರೆ. ನನ್ನ ಪ್ರೋಗ್ರಾಮಿಗೆ ಇದೊಂದೂ ಗೊತ್ತಿರಲಿಲ್ಲ. ತೇವ ಗೊತ್ತುಮಾಡಿದ ಗೆರೆಗಿಂತ ಇಳಿದರೆ ಕೂಗು ಎಂದಷ್ಟೇ ಅದಕ್ಕೆ ಹೇಳಿತ್ತು. ಆದ್ದರಿಂದ ಇಡೀ ಊರಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡಿರುವ ಹೊತ್ತಲ್ಲೇ ಅದು ಗಂಟಲು ಹರಿದುಕೊಳ್ಳುತ್ತಿತ್ತು.

ಇಷ್ಟೇ ಆಗಿದ್ದರೆ ಎರಡು ಸಾಲು ತಿದ್ದಿ ಮುಗಿಸಬಹುದಿತ್ತು. ಆದರೆ ಮೇಲ್ವಿಚಾರಕರು ನನ್ನನ್ನು ಹೊರಗೆ ಕರೆದರು.

“ಬಟ್ಟೆ ಇಚಾರ ಬುಡಿ ಮೇಡಂ. ಅದ್ಕೂ ಮುಂಚೆ ಒಂದಿನ ಬೆಳಿಗ್ಗೆ ಚಿಕ್ಕೋಳ ಪಾಳಿ. ಒಲೆ ತಣ್ಣಗಾಯ್ತು, ನಿಮ್ ಮಿಷಿನ್ನು ಕೂಗ್ತು, ಅವ್ಳ್ಗ ಕೇಳ್ನಿಲ್ಲ. ಉಳ ಒಂದೇ ಸಮ ಜರದಿಂದ ಏಳ್ನಿಲ್ಲ. ಮ್ಯಾಲಾಪೀಸ್ನೋರು ಬಂದ್ರ ಕೇಳದು ನನ್ನ. ಮುಂದ್ಲ ಬೆಳೆಯಿಂದ ಅವ್ಳು ಬ್ಯಾಡ ಅಂದ್ಬುಟ್ಟಿದೀನಿ. ಈ ಕೆಲ್ಸಕ್ಕ ಕಿವಿ ಕೇಳೋರೇ ಬೇಕು.”

“ಯಂತ್ರ ಬರುವ ಮುಂಚೆ ಅವಳು ಮಾಡುತ್ತಿರಲಿಲ್ಲವೇ?”

“ಮಾಡ್ತಿದ್ಲು. ಆಗ ಅವ್ಳೇ ಆಗಾಗ ಎದ್ದೋಗಿ ಒಲೆ ನೋಡವ್ಳು. ಈಗ ಮಿಷಿನ್ ಅದಲ್ಲ, ಅದೇ ಕೂಗ್ತದೆ ಅಂತ ನಾವೇ ಏಳ್ಕೊಟ್ಟೊ. ಸೊಪ್ ಕೆಲ್ಸ ಜಾಸ್ತಿ ಕೊಟ್ಟೊ.”

ಅವರು ಕೆಟ್ಟವರಲ್ಲ. ಹುಳು ಹಾಳಾದರೆ ಅದನ್ನು ನಂಬಿ ಸೊಪ್ಪು ಬೆಳೆದು ಕೂತಿರುವ ರೈತರಿಗೆ ಮುಖ ತೋರಿಸಬೇಕಾದವರು ಅವರೇ. ಒಳಗೆ ಹೋದಾಗ ಹಿರಿಯಾಕೆ ಸೊಪ್ಪಿನಿಂದ ತಲೆ ಎತ್ತದೆ ಹೇಳಿದಳು: “ಇಲ್ಲಿ ಬ್ಯಾಡ ಅಂದ್ರ ಅಣ್ಣದೀರು ಅವ್ಳ ದನ ಕಾಯಕ್ಕ ಕಾಡಂಚ್ಗ ಕಳಿಸ್ತರ ಕಣವ್ವ. ಮುಂಚೆ ಅದೇ ಮಾಡ್ತಿದ್ಲು. ಅಲ್ಲಿ ಆನ ಬಂದ್ರ ಇವ್ಳ್ಗ ಕೇಳ್ತದಾ? ಈ ಮನೇಲಿ ಮಾತಾಡ್ದೆ ಇರದೇ ಕೆಲ್ಸ. ಇವ್ಳ್ಗಿಂತ ಇನ್ಯಾರು ಬೇಕು?”

ಕಿರಿಯಾಕೆ ನಮ್ಮ ಮುಖ ನೋಡಿಯೇ ಮಾತು ಯಾವುದರದ್ದು ಎಂದು ತಿಳಿದಿದ್ದಳು. ಯಂತ್ರದ ಕಡೆ ಬೆರಳು ತೋರಿಸಿದಳು, ನನ್ನ ಕಡೆ ತೋರಿಸಿದಳು, ಆಮೇಲೆ ಎರಡೂ ಕೈಯನ್ನು ಬೀದಿ ಬಾಗಿಲ ಕಡೆ ಬೀಸಿದಳು. ಅರ್ಥ ಮಾಡಿಕೊಳ್ಳಲು ಯಾರ ಸಹಾಯವೂ ಬೇಕಾಗಲಿಲ್ಲ. ನನಗೆ ಬಹಳ ನೋವಾಯಿತು, ಬೆನ್ನಲ್ಲೇ ಹಟವೂ ಹುಟ್ಟಿತು.

ಬಜರ್ ತೆಗೆದು ಸೊಪ್ಪು ಹೆಚ್ಚುವ ಕೋಣೆಯ ಗೋಡೆಗೆ ಒಂದು ಕೆಂಪು ಬಲ್ಬು ಹಾಕಿದೆ. ಕಿರಿಯಾಕೆಗೆ ಅದು ಒಪ್ಪಿಗೆಯಾಯಿತು. ಹತ್ತಿದ ಕೂಡಲೇ ಎದ್ದು ಹೋಗುತ್ತಿದ್ದಳು. ಮಾರನೇ ದಿನ ಹಿರಿಯಾಕೆಯ ಪಾಳಿ. ನಾನು ಬಂದು ನೋಡಿದಾಗ ಬಲ್ಬು ಉರಿಯುತ್ತಲೇ ಇತ್ತು, ಆಕೆ ಅದರ ಕೆಳಗೇ ಕೂತು ಸೊಪ್ಪು ಹೆಚ್ಚುತ್ತಿದ್ದಳು.

“ಬಲ್ಬು ಹತ್ತಿದೆಯಲ್ಲಮ್ಮ!”

“ಅತ್ತದಾ? ಏನೋ ಕೆಂಪ್ಗ ಅದ ಅನ್ನುಸ್ತು. ಕೆಂಪು ನನ್ ಕಣ್ಣಲ್ಲೇ ಯಾವಾಗ್ಲೂ ಇರ್ತದ ಬುಡವ್ವ.”

ಮೇಲ್ವಿಚಾರಕರು ಹಣೆ ಚಚ್ಚಿಕೊಂಡರು. ಒಬ್ಬಳಿಗೆ ಕಿವಿ ಇಲ್ಲ, ಒಬ್ಬಳಿಗೆ ಕಣ್ಣಿಲ್ಲ, ಇಬ್ಬರನ್ನೂ ಬಿಟ್ಟು ಎಂಟನೇ ಕ್ಲಾಸು ಓದಿದ ಇಬ್ಬರು ಹುಡುಗಿಯರನ್ನು ಇಟ್ಟುಕೊಂಡರೆ ನಿಮಗೂ ತಲೆನೋವಿಲ್ಲ ನಮಗೂ ಇಲ್ಲ ಎಂದರು. ನಾನು ಅಂಚೆ ಕಚೇರಿಗೆ ಹೋಗಿ ಕೊಯಮತ್ತೂರಿಗೆ ಟ್ರಂಕ್ ಕಾಲ್ ಮಾಡಿದೆ. ನಮ್ಮ ಮ್ಯಾನೇಜರೂ ಅದನ್ನೇ ಹೇಳಿದರು. ಯಂತ್ರದಲ್ಲಿ ದೋಷ ಇಲ್ಲವಲ್ಲ, ಆಪರೇಟರನ್ನು ಬದಲಾಯಿಸಲು ಹೇಳಿ ವಾಪಸ್ಸು ಬಾ ಎಂದರು.

ಸುಸ್ತಾಗಿ ಚಾಕಿ ಮನೆಗೆ ಮರಳಿದೆ. ಒಳಗೆ ಕಾಲಿಡುವಾಗ ಬಾಗಿಲಿಗೆ ಕಟ್ಟಿದ್ದ ಒದ್ದೆ ಗೋಣಿಯ ಒಂದು ತುದಿ ಮೊಳೆಯಿಂದ ಜಾರಿ ರಪ್ಪನೆ ನನ್ನ ಮುಖಕ್ಕೆ ಬಡಿಯಿತು. ಕನ್ನಡಕವೆಲ್ಲ ಮಣ್ಣುನೀರು. ಕಿರಿಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹಿರಿಯಾಕೆ, “ಗೋಣಿ ಬಿತ್ತೇನವ್ವ?” ಅಂದಳು. ಅವಳಿಗೆ ಅದು ಕಂಡಿರಲಿಲ್ಲ. ಬಾಗಿಲ ಪಕ್ಕದಲ್ಲೇ ಕೂತಿದ್ದ ಅವಳ ಹೆಗಲಿಗೂ ಇನ್ನೊಂದು ಅಂಚು ತಾಗಿತ್ತು.

ಕನ್ನಡಕ ಒರೆಸುತ್ತ ನಿಂತಲ್ಲೇ ನಾನು ತೀರ್ಮಾನಿಸಿದೆ. ಈ ಮನೆಯಲ್ಲಿ ಒಬ್ಬರನ್ನೂ ಬದಲಾಯಿಸುವುದಿಲ್ಲ, ಬದಲಾಗಬೇಕಾದದ್ದು ಪ್ರೋಗ್ರಾಮು. ಕೂಗುವುದೂ ಬೇಡ, ಉರಿಯುವುದೂ ಬೇಡ, ಮೈಮೇಲೆ ಬೀಳಲಿ. ಮ್ಯಾನೇಜರಿಗೆ ಮತ್ತೆ ಫೋನು ಮಾಡಿ, ಯಂತ್ರದಲ್ಲಿ ದೋಷ ಇದೆ, ತಿದ್ದದೆ ಬರುವುದಿಲ್ಲ ಎಂದೆ. ಅವರು ಬೈದರು. ಲೈನು ಸರಿ ಇಲ್ಲದ್ದರಿಂದ ಅರ್ಧ ಬೈಗುಳ ದಾರಿಯಲ್ಲೇ ಉಳಿಯಿತು.

ಹುಳುವಿನ ಕೋಣೆಗೂ ಸೊಪ್ಪಿನ ಕೋಣೆಗೂ ನಡುವಿನ ಬಾಗಿಲ ಮೇಲೆ ಎರಡು ಬಿದಿರ ಕೋಲು ಕಟ್ಟಿದೆವು. ಒಂದರಲ್ಲಿ ಸುತ್ತಿಟ್ಟ ಬಿಳೀ ಪಂಚೆಯ ತುಂಡು, ಇನ್ನೊಂದರಲ್ಲಿ ಗೋಣಿ. ಪ್ರತಿಯೊಂದನ್ನೂ ಒಂದು ಮರದ ಗೂಟ ಹಿಡಿದಿರುತ್ತದೆ. ಕರೆಗಂಟೆಯೊಂದರಿಂದ ಬಿಚ್ಚಿ ಯಂತ್ರಕ್ಕೆ ಜೋಡಿಸಿದ ತಾಮ್ರದ ಸುರುಳಿ ಆ ಗೂಟವನ್ನು ಎಳೆದರೆ ಬಟ್ಟೆ ಬಿಚ್ಚಿಕೊಂಡು ಕೆಳಗೆ ಬೀಳುತ್ತದೆ. ಸೊಪ್ಪು ಹೆಚ್ಚುವ ಮಣೆಯನ್ನು ಬಾಗಿಲಿಗೆ ಒತ್ತಿದಂತೆ ಹಾಕಿದೆವು. ಕೂತವರ ಬೆನ್ನಿಗೋ ಹೆಗಲಿಗೋ ಬಟ್ಟೆ ತಾಗಲೇಬೇಕು. ಪಂಚೆ ಬಿದ್ದರೆ ಒಲೆ ನೋಡು, ಗೋಣಿ ಬಿದ್ದರೆ ನೀರು ಚಿಮುಕಿಸು. ಯಾವುದು ಅನ್ನುವುದು ಕೈಗೇ ತಿಳಿಯುತ್ತದೆ. ಕೆಲಸ ಮುಗಿಸಿ ಬಟ್ಟೆ ಸುತ್ತಿ ಗೂಟ ಸಿಕ್ಕಿಸಿದರೆ ಒಂದು ಸ್ವಿಚ್ಚು ಒತ್ತಿಕೊಳ್ಳುತ್ತದೆ, ಯಾರೋ ಎದ್ದು ನೋಡಿದ್ದಾರೆ ಎಂದು ಯಂತ್ರಕ್ಕೆ ಗೊತ್ತಾಗುತ್ತದೆ.

ಜ್ವರದ ಪ್ರಶ್ನೆ ಹಾಗೇ ಉಳಿದಿತ್ತು. ಹುಳು ಜ್ವರಕ್ಕೆ ಕೂತಾಗ ಪ್ರೋಗ್ರಾಮು ತೇವದ ಗೊಡವೆಗೆ ಹೋಗಬಾರದು, ಶಾಖವನ್ನು ಮಾತ್ರ ನೋಡಬೇಕು. ಆದರೆ ಕೂತಿದೆ ಎಂದು ಅದಕ್ಕೆ ಹೇಳುವವರು ಯಾರು? ಮೊದಲು ಒಂದು ಗುಂಡಿ ಇಟ್ಟೆ. ಹೆಂಗಸರ ಕೈಯಲ್ಲಿ ಒಂದೋ ಸೊಪ್ಪಿನ ರಸ ಇರುತ್ತಿತ್ತು, ಇಲ್ಲವೇ ಸುಣ್ಣ. ಗುಂಡಿ ಸುಣ್ಣ ತಿಂದು ಕಚ್ಚಿಕೊಂಡಿತು. ಅದೂ ಅಲ್ಲದೆ ಒತ್ತಲು ನೆನಪಿರುತ್ತಿರಲಿಲ್ಲ, ಅದರಲ್ಲಿ ಅವರದೇನೂ ತಪ್ಪಿಲ್ಲ. ನನ್ನ ಗುಂಡಿ ಅವರ ಕೆಲಸದ ಭಾಗವಾಗಿರಲಿಲ್ಲ.

ಅವರ ಕೆಲಸದ ಭಾಗವಾಗಿದ್ದದ್ದು ಬೇವಿನ ಕೊಂಬೆ. ಅದನ್ನು ಸಿಕ್ಕಿಸಲು ಯಾರೂ ಮರೆತದ್ದನ್ನು ನಾನು ನೋಡಲಿಲ್ಲ. ಕೊಂಬೆ ಸಿಕ್ಕಿಸುವ ಮೊಳೆ ಕಿತ್ತು, ಅಲ್ಲಿ ಒಂದು ಕೊಕ್ಕೆ ಹಾಕಿ, ಅದರ ಹಿಂದೆ ಸ್ವಿಚ್ಚಿಟ್ಟು ತಂತಿ ಎಳೆದೆ. ಕೊಂಬೆಯ ಭಾರ ಬಿದ್ದರೆ ಜ್ವರ, ತೆಗೆದರೆ ಜ್ವರ ಬಿಟ್ಟಿತು. ಇದನ್ನು ವಿವರಿಸಿದಾಗ ಹಿರಿಯಾಕೆ ಬಹಳ ಹೊತ್ತು ನಕ್ಕಳು.

“ಅಂಗಾದ್ರ ನಿನ್ ಡಬ್ಬಕ್ಕೂ ಬೇವ್ನಸೊಪ್ಪು ತೋರಿಸ್ಬೇಕು ಅನ್ನು. ಇನ್ನ ಅದ್ಕ ಅರಿಶ್ಣ ಕುಂಕುಮ ಒಂದು ಬಾಕಿ.”

ಪ್ರೋಗ್ರಾಂ ಇರುತ್ತಿದ್ದ ಚಿಪ್ಪನ್ನು ಅಳಿಸಿ ಮತ್ತೆ ಬರೆಯುವ ಸಲಕರಣೆ ಇದ್ದದ್ದು ಕೊಯಮತ್ತೂರಿನಲ್ಲಿ. ಒಂದು ಸಾಲು ತಪ್ಪಿದರೂ ಬಸ್ಸು ಹತ್ತಿ ಘಾಟಿ ಇಳಿಯಬೇಕು, ಹೊಟ್ಟೆ ತೊಳಸಿಕೊಂಡು ಮತ್ತೆ ಹತ್ತಬೇಕು. ಚಿಪ್ಪಿನಲ್ಲಿ ಜಾಗ ಬೇರೆ ಸಾಲಲಿಲ್ಲ. ಅಂಕಿಗಳನ್ನು ಒತ್ತಿ ಏನೇನೋ ಬದಲಾಯಿಸುವ ಕೀಲಿಮಣೆಯ ಭಾಗವನ್ನು ನಾನು ಭಾರೀ ಹೆಮ್ಮೆಯಿಂದ ಬರೆದಿದ್ದೆ, ತಾಳವಾಡಿಯಲ್ಲಿ ಅದನ್ನು ಒಬ್ಬರೂ ಮುಟ್ಟಿರಲಿಲ್ಲ. ಅದನ್ನೇ ಕಿತ್ತು ಬಿಸಾಕಿ ಜ್ವರಕ್ಕೆ ಜಾಗ ಮಾಡಿದೆ. ಅಂಕಿ ತೋರಿಸುವ ಫಲಕವನ್ನು ಮೇಲ್ವಿಚಾರಕರ ಮೇಜಿಗೆ ಸಾಗಿಸಿದೆ. ಓದಲು ಬರುತ್ತಿದ್ದವರು ಅವರೊಬ್ಬರೇ. ಬಟ್ಟೆ ಬಿದ್ದು ಎಷ್ಟು ಹೊತ್ತಿಗೆ ಎದ್ದರು ಎಂಬುದನ್ನೂ ತೋರಿಸಲಿ ಎಂದು ಅವರು ಕೇಳಿದರು. ಹಿರಿಯಾಕೆಗೆ ಅದು ಹೇಗೋ ಗೊತ್ತಾಯಿತು. “ನಮ್ ಮ್ಯಾಲ ಚಾಡಿ ಏಳದು ಬ್ಯಾರೆ ಕಲಿಸ್ತೀಯಾ ಅದ್ಕ?” ಎಂದು ಕೇಳಿದಳು. ಚಿಪ್ಪಿನಲ್ಲಿ ಜಾಗ ಇಲ್ಲ ಎಂದು ಮೇಲ್ವಿಚಾರಕರಿಗೆ ಹೇಳಿದೆ. ಸ್ವಲ್ಪ ಇತ್ತು.

ಹೊಸ ಪ್ರೋಗ್ರಾಮಿನ ಮೊದಲ ದಿನ ಬಟ್ಟೆ ಬೀಳುವುದೇ ಕೆಲಸವಾಯಿತು. ಯಾರಾದರೂ ಬಾಗಿಲು ತೆರೆದರೆ ತಣ್ಣನೆ ಗಾಳಿ ಶಾಖ ಅಳೆಯುವ ತಂತಿಗೆ ತಾಗುತ್ತಿತ್ತು, ಪಂಚೆ ಹಿರಿಯಾಕೆಯ ಬೆನ್ನ ಮೇಲೆ ಬೀಳುತ್ತಿತ್ತು. “ಒಲೆ ಸರ್ಯಾಗೇ ಅದ, ಇದ್ಕೇನ್ ಬಂದದ ರೋಗ,” ಎಂದು ಗೊಣಗುತ್ತ ಅವಳು ಮತ್ತೆ ಸುತ್ತಿಡುವಳು. ಸ್ವಲ್ಪ ಹೊತ್ತು ಕಾದು, ಚಳಿ ಹಾಗೇ ಉಳಿದಿದ್ದರೆ ಮಾತ್ರ ಬೀಳಿಸಬೇಕಿತ್ತು. ಎಷ್ಟು ಹೊತ್ತು ಎಂದು ಇಬ್ಬರನ್ನೂ ಕೇಳಿದೆ. ಹಿರಿಯಾಕೆ ಎರಡು ಎಲೆಯಡಿಕೆ ಹಾಕುವಷ್ಟು ಅಂದಳು. ಕಿರಿಯಾಕೆ ಒಪ್ಪಲಿಲ್ಲ, ಒಂದು ತಟ್ಟೆಗೆ ಸೊಪ್ಪು ಹರಡಿ ತೋರಿಸಿ ಅಷ್ಟು ಸಾಕು ಎಂದು ಕೈಯಾಡಿಸಿದಳು. ಇಬ್ಬರೂ ಒಬ್ಬರ ಕೈಮೇಲೊಬ್ಬರು ತಟ್ಟಿ ಸನ್ನೆಯಲ್ಲೇ ಜಗಳವಾಡಿದರು. ಕೊನೆಗೆ ತಟ್ಟೆಯ ಲೆಕ್ಕ ಗೆದ್ದಿತು. ನಾನು ಘಾಟಿ ಇಳಿದು ಹತ್ತಿದೆ.

ಮುಂದಿನ ಬೆಳೆ ಬಂತು. ಮೊದಲ ಜ್ವರದ ದಿನ ಬೆಳಿಗ್ಗೆ ಕೊಂಬೆ ಸಿಕ್ಕಿಸಿದರು, ಯಂತ್ರ ತೆಪ್ಪಗಾಯಿತು. ನಾನು ಬೀಗುತ್ತ ಊಟಕ್ಕೆ ಹೋದೆ. ಬಂದು ನೋಡಿದರೆ ಗೋಣಿ ಬಿದ್ದಿದೆ, ಯಾರು ಸುತ್ತಿಟ್ಟರೂ ಮತ್ತೆ ಬೀಳುತ್ತಿದೆ. ತಂತಿ ನೋಡಿದೆ, ಸರಿ ಇತ್ತು. ಪ್ರೋಗ್ರಾಮಿನ ಹಾಳೆಗಳನ್ನು ಹರಡಿಕೊಂಡು ಸಾಲು ಸಾಲಾಗಿ ಓದಿದೆ, ಅದೂ ಸರಿ ಇತ್ತು. ಕಿರಿಯಾಕೆ ಬಂದು ನನ್ನ ತೋಳು ಹಿಡಿದು ಬಾಗಿಲಿಗೆ ಎಳೆದೊಯ್ದು, ಕೊಂಬೆಯನ್ನು ತೋರಿಸಿ ಹಿಂಡಿದಳು. ಎಲೆಗಳು ಸುರುಟಿಕೊಂಡಿದ್ದವು, ರಸವೇ ಇರಲಿಲ್ಲ. ಬಿಸಿಲಿಗೆ ಬೇವು ಬಾಡಿ ಹಗುರಾಗಿತ್ತು, ಕೊಕ್ಕೆ ಮೇಲೆದ್ದಿತ್ತು, ಜ್ವರ ಬಿಟ್ಟಿತೆಂದು ಯಂತ್ರ ತಿಳಿದಿತ್ತು. ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದವಳು ನನ್ನ ಜೊತೆ ನಕ್ಕದ್ದು ಅದೇ ಮೊದಲು. ಎತ್ತಿನ ಹಳೇ ಲಾಳ ಒಂದನ್ನು ಕೊಂಬೆಯ ಬುಡಕ್ಕೆ ಕಟ್ಟಿ ತೂಗುಹಾಕಿದೆವು. ಅದಕ್ಕೆ ಘಾಟಿ ಇಳಿಯಬೇಕಾಗಲಿಲ್ಲ.

ಮೇಲ್ವಿಚಾರಕರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. “ಲಾಳ ಗೀಳ ಎಲ್ಲ ಸರಿ ಮೇಡಂ. ಎರಡ್ನೇ ಜರದ ದಿನ ಬೆಳಿಗ್ಗೆ ಅವ್ಳೊಬ್ಳೇ ಇರ್ಲಿ. ದೊಡ್ಡೋಳೂ ಬ್ಯಾಡ, ನೀವೂ ಒಳಗೋಗ್ಬ್ಯಾಡಿ. ನಾನೂ ಬತ್ತೀನಿ. ಒಲೆ ತಣ್ಣಗಾದಾಗ ಎದ್ಲು ಅಂದ್ರ ಇರ್ತಾಳೆ. ಇಲ್ಲ ಅಂದ್ರ ನನ್ನ ಬೈಬ್ಯಾಡಿ, ಅಣ್ಣದೀರ್ಗ ಏಳ್ಕಳಿಸ್ತೀನಿ,” ಎಂದರು.

ಎರಡನೇ ಜ್ವರದ ಬೆಳಿಗ್ಗೆ ಮಂಜು ಕವಿದಿತ್ತು. ಬಾಗಿಲಲ್ಲಿ ಬೇವು ತೂಗುತ್ತಿತ್ತು. ಹೊರಗೆ, ಸೊಪ್ಪಿನ ಕೋಣೆಯ ಕಿಟಕಿಯ ಹತ್ತಿರ ನಾವಿಬ್ಬರೂ ಶಾಲು ಹೊದ್ದು ನಿಂತೆವು. ಮೇಲ್ವಿಚಾರಕರು ಹಿಂದಿನ ಸಂಜೆ ಒಲೆಗೆ ಇದ್ದಿಲು ಕಮ್ಮಿ ಹಾಕಿಸಿದ್ದರು. ಅದನ್ನು ನಾನು ಕೇಳಿ ತಿಳಿದಿದ್ದೆ, ಅವಳಿಗೆ ಹೇಳಿರಲಿಲ್ಲ. ಒಳಗೆ ಕಿರಿಯಾಕೆ ಬಾಗಿಲಿಗೆ ಬೆನ್ನು ಮಾಡಿ ಮಣೆಯ ಮುಂದೆ ಕೂತು, ಜ್ವರದಿಂದ ಎದ್ದ ಮೇಲೆ ಹಾಕಲು ಎಳೇ ಸೊಪ್ಪು ಆರಿಸುತ್ತಿದ್ದಳು. ಆಗಾಗ ತೂಕಡಿಕೆ ಬಂದು ತಲೆ ಬಾಗುತ್ತಿತ್ತು. ಒಂದು ಸಲ ಬಾಗಿದ ತಲೆ ಮೇಲೇಳಲೇ ಇಲ್ಲ. ಮೇಲ್ವಿಚಾರಕರು ನನ್ನ ಕಡೆ ನೋಡಿದರು. ನನಗೆ ಕಿಟಕಿ ಬಡಿಯಬೇಕು ಅನ್ನಿಸಿತು. ಬಡಿದರೂ ಅವಳಿಗೆ ಕೇಳುವುದಿಲ್ಲವಲ್ಲ ಎಂದು ಹೊಳೆದು ಎತ್ತಿದ ಕೈ ಇಳಿಸಿದೆ. ಯಂತ್ರ ಕಾಯುತ್ತಿರಬೇಕು, ಒಂದು ತಟ್ಟೆಗೆ ಸೊಪ್ಪು ಹಾಕುವ ಹೊತ್ತು. ಅಷ್ಟು ಹೊತ್ತು ಇಟ್ಟದ್ದು ಅತಿಯಾಯಿತೇನೋ ಎಂದು ನಾನು ಶಪಿಸಿಕೊಂಡೆ.

ಗೂಟ ಕಳಚಿತು. ಬಿಳೀ ಪಂಚೆ ಬಿಚ್ಚಿಕೊಂಡು ಅವಳ ಬೆನ್ನ ಮೇಲೆ ಇಳಿಯಿತು.

ಅವಳು ಗಾಬರಿ ಬೀಳಲಿಲ್ಲ. ಪಂಚೆಯ ಅಂಚಲ್ಲೇ ಕಣ್ಣೊರೆಸಿಕೊಂಡು ಎದ್ದಳು, ಮಂಕರಿಯಿಂದ ಇದ್ದಿಲು ತೆಗೆದು ಒಳಗೆ ಹೋದಳು, ಒಲೆಯ ಮುಂದೆ ಬಗ್ಗಿ ಬೀಸಣಿಗೆ ಬೀಸಿದಳು. ಕೆಂಪು ಬೆಳಕು ಅವಳ ಮುಖಕ್ಕೆ ಬಿತ್ತು. ವಾಪಸ್ಸು ಬಂದು ಪಂಚೆಯನ್ನು ನೀಟಾಗಿ ಸುತ್ತಿ ಗೂಟ ಸಿಕ್ಕಿಸಿದಳು.

ನನಗೆ ತಡೆದುಕೊಳ್ಳಲು ಆಗಲಿಲ್ಲ. “ನೋಡಿದ್ರಾ! ನೋಡಿದ್ರಾ ಸಾರ್!” ಎಂದು ಕಿರುಚಿ, ಕೈ ಚಪ್ಪಾಳೆ ತಟ್ಟಿ, ಕುಣಿದೇಬಿಟ್ಟೆ. ಮೇಲ್ವಿಚಾರಕರೂ ಏನೋ ಗಟ್ಟಿಯಾಗಿ ಹೇಳಲು ಬಾಯಿ ತೆರೆದರು.

ಅವಳು ಕಿಟಕಿಯ ಕಡೆ ತಿರುಗಿದಳು. ನನ್ನ ತೆರೆದ ಬಾಯಿ, ಬಡಿದ ಕೈ, ಎರಡೂ ಕಂಡವು. ಹುಬ್ಬು ಗಂಟಿಕ್ಕಿ ಸರಸರನೆ ಬಾಗಿಲಿಗೆ ಬಂದಳು. ತುಟಿಯ ಮೇಲೆ ಬೆರಳಿಟ್ಟಳು, ಮೊದಲು ನನಗೆ, ಆಮೇಲೆ ಮೇಲ್ವಿಚಾರಕರಿಗೆ. ಅದೇ ಬೆರಳನ್ನು ಎತ್ತಿ ತೂಗುತ್ತಿದ್ದ ಬೇವಿನ ಕೊಂಬೆಯನ್ನು ತೋರಿಸಿದಳು.

ನಾವಿಬ್ಬರೂ ಬಾಯಿ ಮುಚ್ಚಿಕೊಂಡೆವು. ಅವಳು ಒಳಗೆ ಹೋಗಿ ಮಣೆಯ ಮುಂದೆ ಕೂತ ಮೇಲೆ ಮೇಲ್ವಿಚಾರಕರು ನನ್ನ ಕಿವಿಯ ಹತ್ತಿರ ಬಗ್ಗಿ, “ಇರ್ಲಿ ಬುಡಿ ಮೇಡಂ, ಇವ್ಳೇ ಇರ್ಲಿ,” ಎಂದು ಪಿಸುಗುಟ್ಟಿದರು.